ಹದಿನೇಳನೇ ಮನೆಯ ವ್ಯಾನು

ಮೆಲ್ಬರ್ನಿನ ಪಡುವಣ ಅಂಚಿಗೆ, ಟ್ಯಾನರ್ ಸ್ಟ್ರೀಟಿನಲ್ಲಿ,
ಹದಿನೇಳನೇ ಮನೆಯೆದುರು
ನಾಲ್ಕು ವರ್ಷ ಕದಲದೆ ನಿಂತಿತ್ತು ಆ ವ್ಯಾನು.
ಒಂದು ಕಾಲಕ್ಕೆ ಬಿಳಿ. ಆಮೇಲೆ
ಮ್ಯಾಗ್‌ಪೈ ಹಕ್ಕಿಗಳು ಮೇಲಿನಿಂದ ಸುಣ್ಣ ಬಳಿದು ಬಳಿದು
ಯಾವ ಬಣ್ಣವೆಂದು ಹೇಳುವ ಹಾಗಿರಲಿಲ್ಲ.

ಸಾಲ್ವು ಮಿಕಾಲೆಫನದು. ಟೈಲ್ಸ್ ಕೂರಿಸುತ್ತಿದ್ದ,
ಮಂಡಿಚಿಪ್ಪು ಸವೆಯುವ ತನಕ.
ಪಕ್ಕೆಯ ಮೇಲೆ ಅವನ ಹೆಸರು,
ಫೋನ್ ನಂಬರಿನಲ್ಲಿ ಉಳಿದ ಆರು ಅಂಕಿ.

ನಮ್ಮ ಬೀದಿ ಮೊದಲೇ ಇಕ್ಕಟ್ಟು.
ಎರಡೂ ಬದಿಗೆ ಕಾರು ನಿಂತರೆ ನಡುವೆ ಉಳಿಯುವುದು
ಒಂದು ಕಾರು, ಒಂದು ಉಸಿರು.
ಎದುರಿಗೆ ಇನ್ನೊಂದು ಬಂತೋ
ಒಬ್ಬರು ಹಿಂದೆ ಸರಿಯಬೇಕು;
ಯಾರು ಎಂಬ ಮಾತಿಗೆ
ಎರಡು ಮನೆ ಹನ್ನೊಂದು ವರ್ಷ ಮಾತು ಬಿಟ್ಟದ್ದುಂಟು.

ಬುಧವಾರ ಕಸದ ಲಾರಿಯವನು
ಆ ವ್ಯಾನಿನ ಹಿಂದೆ ನಿಂತು
ಹಾರ್ನಿನ ಮೇಲೆ ಮೊಣಕೈ ಊರುತ್ತಿದ್ದ.
ಎಲ್ಲರ ಕಣ್ಣಿಗೂ ಕಸ ಅದು.
ಅರ್ಜಿ ಹಿಡಿದು ಮನೆಮನೆ ತಿರುಗಿದವಳು ನಾನೇ.
ನಲವತ್ತೊಂದು ರುಜು.
ಕೊನೆಯದು ಸಾಲ್ವುವಿನದು:
ಕನ್ನಡಕ ಒಳಗಿದೆ ಅಂದ,
ಎಲ್ಲರೂ ಹಾಕಿದ್ದಾರಾ? ಅಂದ,
ಹಾಗಾದರೆ ನಾನೂ, ಅಂದ.
ಪೆನ್ನು ಕೊಟ್ಟೆ.

ಕೌನ್ಸಿಲ್ಲಿನವರು ಬಂದರು. ಹಳದಿ ಗೆರೆ ಎಳೆದರು.
ವ್ಯಾನನ್ನು ಸರಪಳಿ ಕಟ್ಟಿ ಎಳೆದೊಯ್ದ ಮುಂಜಾನೆ
ಅದರಡಿ ಸಿಕ್ಕಿದ್ದು ಮೂರು ಟೆನಿಸ್ ಚೆಂಡು,
ಒಂದು ಮಗುವಿನ ಎಡಗಾಲ ಚಪ್ಪಲಿ,
ಜಂಬೂದ್ವೀಪದ ಆಕಾರದ ಎಣ್ಣೆಯ ಕಲೆ.
ಸಾಲ್ವು ಗೇಟಿನಲ್ಲಿ ನಿಂತು
ಕೈ ಬೀಸಿದ. ಯಾರಿಗೋ.

ಬೀದಿ ನೆಟ್ಟಗಾಯಿತು.
ಅಷ್ಟು ನೆಟ್ಟಗಾದರೆ ಏನಾಗುತ್ತದೆಂದು
ನಮಗೆ ಗೊತ್ತಿರಲಿಲ್ಲ, ಫೋನುಗಳಿಗೆ ಗೊತ್ತಿತ್ತು:
ಇಲ್ಲಿ ತಿರುಗಿ, ಎರಡು ನಿಮಿಷ ಉಳಿಸಿ.
ಎರಡು ಹೆದ್ದಾರಿಗಳ ನಡುವಿನ ಅವಸರವೆಲ್ಲ
ಬಾಲಕ್ಕೆ ಬೆಂಕಿ ಹತ್ತಿದಂತೆ
ನಮ್ಮ ಅಡುಗೆಮನೆಗಳ ಪಕ್ಕದಲ್ಲೇ ಹಾಯತೊಡಗಿತು.
ಲೋಟಗಳು ಕಪಾಟಿನಲ್ಲಿ ಒಂದಕ್ಕೊಂದು ತಾಗಿ
ಕಿಣಿಕಿಣಿ ಅನ್ನುವುದನ್ನು ರಾತ್ರಿ ಹನ್ನೊಂದಕ್ಕೂ ಕೇಳಿದೆವು.
ಟೌಟಾಯ್ ಮಕ್ಕಳು ಕ್ರಿಕೆಟ್ಟಿನ ಸ್ಟಂಪು ಕಿತ್ತು
ಹಿತ್ತಿಲಿಗೆ ಒಯ್ದರು.

ಮತ್ತೆ ಅರ್ಜಿ. ಮತ್ತೆ ನಾನೇ.
ಈ ಸಲ ರಸ್ತೆಗೆ ಅಡ್ಡಲಾಗಿ ಎರಡು ಕಪ್ಪು ರಬ್ಬರು ಕೊಳವೆ
ಹಾಸಿ ಹೋದರು, ಎಣಿಸಲು.
ಕ್ಯಾಮೆರಾ ಇರಬೇಕೆಂದು ಬಗೆದು
ಬಂದವರೆಲ್ಲ ಆ ವಾರ ದಿಬ್ಬಣದಂತೆ ನಡೆದರು.
ಕಾಗದ ಬಂತು: ಸರಾಸರಿ ವೇಗ ನಲವತ್ತಮೂರು,
ಕ್ರಮದ ಅಗತ್ಯ ಕಂಡುಬಂದಿಲ್ಲ.

ಓದಿ ಹೇಳಿದೆ, ಡ್ರಾಗಿಟ್ಸಾಗೆ.
ಎಂಬತ್ತೆರಡರ ಹೆಂಗಸು, ಬಟಾಣಿ ಸುಲಿಯುತ್ತಿದ್ದಳು.
"ನನ್ನ ಮಿಶ್ಕೊ," ಅಂದಳು,
"ಸರಾಸರಿಗೆ ಸಿಕ್ಕಿ ಸತ್ತ ಬೆಕ್ಕಲ್ಲ."
ಮತ್ತೊಂದು ಸಿಪ್ಪೆ ಬಿಡಿಸಿದಳು.

ಮಾರನೆಯ ಸೋಮವಾರ ಸಾಲ್ವು
ಮಡಿಸುವ ಕುರ್ಚಿಯೊಂದನ್ನು ಹಳದಿ ಗೆರೆಯ ಮೇಲೆ,
ವ್ಯಾನು ನಿಂತಲ್ಲೇ, ಆ ಎಣ್ಣೆಯ ಕಲೆಯ ನಟ್ಟನಡುವೆ
ಬಿಡಿಸಿ ಕೂತ.
ಹಳೆ ಕೆಲಸದ ಕಿತ್ತಳೆ ಜಾಕೆಟ್ಟು, ಮಂಡಿಗೆ ಪಟ್ಟಿ,
ತೊಡೆಯ ಮೇಲೆ ರೇಡಿಯೋ.
ಕಾರು ನಿಲ್ಲಿಸಬಾರದೆಂದು ಬರೆದಿದೆ, ಅಂದ,
ಮನುಷ್ಯ ಕೂರಬಾರದೆಂದು ಎಲ್ಲಿ ಬರೆದಿದೆ?
ದೂರದಿಂದ ಅವನನ್ನು ಕಂಡು
ಒಂದೊಂದೇ ಕಾರು ಗುಟುರು ಇಳಿಸಿತು,
ನೀರಿಗೆ ಇಳಿಯುವ ಎಮ್ಮೆಗಳ ಹಾಗೆ.

ಚಹಾ ಒಯ್ದೆ ಸಂಜೆಗೆ, ಫ್ಲಾಸ್ಕಿನಲ್ಲಿ.
ಅರ್ಧ ಲೋಟ ಕುಡಿದು ಕೇಳಿದ:
"ಗ್ಲೆನಿಸ್, ಅವತ್ತು
ನಾನು ರುಜು ಹಾಕಿದ್ದು ಯಾವುದಕ್ಕೆ?"

ಸದ್ದಿನಲ್ಲಿ ಕೇಳಿಸಲಿಲ್ಲ ಅನ್ನಬಹುದಿತ್ತು.
ಆದರೆ ಆಗ ನಮ್ಮನ್ನು ಹಾದದ್ದು
ಒಂದು ನೀಲಿ ಕಾರು,
ತೀರ ಮೆಲ್ಲಗೆ,
ಕಿಟಕಿಯೊಳಗಿನ ಮಗು ಆಕಳಿಸಿದ್ದೂ
ಕೇಳುವಷ್ಟು ಮೆಲ್ಲಗೆ.