ಎಲ್ಲಿಂದ?

ಚನ್ನರಾಯಪಟ್ಟಣದಲ್ಲಿ ತಾಲ್ಲೂಕು ಮಟ್ಟದ ರಸಪ್ರಶ್ನೆ.
ಏಳನೇ ಕ್ಲಾಸು, ಎರಡು ಜಡೆ, ಎದುರಿಗೊಂದು ಹಿತ್ತಾಳೆ ಗಂಟೆ.
'ಪ್ರಪಂಚದಲ್ಲೇ ಅತಿ ಎತ್ತರದ ಜಾಗ?'
ಮೊದಲು ಗಂಟೆ ಬಾರಿಸಿದ್ದು ನಾನೇ.
ಎದ್ದು ನಿಂತು ಕೇಳಿದೆ: 'ಎಲ್ಲಿಂದ ಸಾರ್?'

ಸಭೆ ನಕ್ಕಿತು. ಅಂಕ ಪಕ್ಕದ ಬೆಂಚಿಗೆ ಹೋಯಿತು,
ಅದರ ಹಿಂದೆಯೇ ಸ್ಟೀಲಿನ ಟಿಫಿನ್ ಡಬ್ಬಿಯೂ.

ಆದರೂ, ಎಲ್ಲಿಂದ?
ಕಡಲ ಮಟ್ಟದಿಂದ ಅಳೆದರೆ ಎವರೆಸ್ಟು.
ಭೂಮಿಯ ನಟ್ಟನಡುವಿನಿಂದಾದರೆ
ಈಕ್ವೆಡಾರಿನ ಚಿಂಬೊರಾಜೊ:
ಭೂಮಿಗೆ ಸೊಂಟದ ಹತ್ತಿರ ಬೊಜ್ಜು,
ಆ ಬೊಜ್ಜಿನ ಮೇಲೆ ನಿಂತದ್ದೇ ಅದರ ಪುಣ್ಯ.
ಸ್ವಂತ ಪಾದದಿಂದಲೇ ಅಳೆಯಿರಿ ಅಂದರೆ
ಹವಾಯಿಯ ಮೌನಾ ಕಿಯಾ, ಅರ್ಧಕ್ಕಿಂತ ಹೆಚ್ಚು ಮೈ ನೀರಲ್ಲಿ.

ಅಪ್ಪನಿಗೆ ಹೇಳಿದೆ. ಅಪ್ಪ ಜವರೇಶಿ,
ಶ್ರವಣಬೆಳಗೊಳದಲ್ಲಿ ಡೋಲಿ ಹೊರುವವನು,
ಬಲ ಹೆಗಲಲ್ಲಿ ನಿಂಬೆಹಣ್ಣಿನಷ್ಟು ಗಂಟು.
'ಸರಿಯಾಗೇ ಕೇಳಿದ್ದೀಯ ಬಿಡು.
ಮೊದಲ ಮೆಟ್ಟಿಲಿಂದಲೋ, ಬಸ್ ಸ್ಟ್ಯಾಂಡಿಂದಲೋ,
ಕೇಳ್ಕೊಳ್ದಿದ್ರೆ ಬಾಡಿಗೇಲಿ ಜಗಳ ಆಯ್ತದೆ.'
ಬೀಡಿ ಆರಿಸಿ ಮತ್ತೆ: 'ಆ ಎವರೆಸ್ಟಿಗೆ,
ಕೂತೋರು ಎಷ್ಟು ತೂಕ?'

ಆ ರಾತ್ರಿ ಡೋಲಿ ಚೀಟಿಯ ಹಿಂಬದಿ ಲೆಕ್ಕ ಹಾಕಿದೆ.
ಪೆಸಿಫಿಕ್ಕಿನಲ್ಲಿ ಮರಿಯಾನಾ ಅನ್ನುವ ಕಂದಕ,
ಹತ್ತು ಸಾವಿರದ ಒಂಬೈನೂರ ಚಿಲ್ಲರೆ ಮೀಟರು.
ಅದರೊಳಗೆ ಎವರೆಸ್ಟನ್ನು ಇಳಿಸಿದೆ. ಮುಳುಗಿತು.
ಅದರ ನೆತ್ತಿಗೆ ಮುಳ್ಳಯ್ಯನಗಿರಿ ಇಟ್ಟೆ
(ಚಿಕ್ಕಮಗಳೂರಿನವರ ಅಪ್ಪಣೆ ಕೇಳಲಿಲ್ಲ).
ಅದೂ ಮುಳುಗಿತು.
ಮೇಲೆ ಇನ್ನೂ ನೂರೈವತ್ತು ಮೀಟರಿನಷ್ಟು ನೀರು.
ಉಳಿದದ್ದು ಅಪ್ಪನ ಬೆಟ್ಟ. ಮೆಟ್ಟಿಲ ಸಮೇತ ಎತ್ತಿಟ್ಟೆ.
ಬಂಡೆ ಮುಳುಗಿತು. ಗೊಮ್ಮಟ ನಿಂತ,
ಎದೆಮಟ್ಟ ನೀರಲ್ಲಿ. ತೋಳಿನ ಬಳ್ಳಿಗೆ ಉಪ್ಪು.
ತುಟಿ, ಕಣ್ಣು, ಗುಂಗುರು ಕೂದಲು
ಒಣಗಿಯೇ ಇದ್ದವು.

ಹತ್ತಿಪ್ಪತ್ತು ಮೀಟರು ಆಚೀಚೆ ಇರಬಹುದು,
ಕಂದಕ ಅಳೆದವರಲ್ಲೇ ಒಮ್ಮತವಿಲ್ಲ.
ಅಂದರೆ ಒಂದು ಪುಸ್ತಕದಲ್ಲಿ ಅವನಿಗೆ ಮೊಣಕಾಲುದ್ದ,
ಇನ್ನೊಂದರಲ್ಲಿ ಮೂಗಿನ ತನಕ.

ಅಪ್ಪ ಚೀಟಿಯನ್ನು ದೀಪಕ್ಕೆ ಹಿಡಿದ.
'ಒಟ್ಟು ಮೆಟ್ಟಿಲು ಎಷ್ಟಾಯ್ತದೆ?'
ನಮ್ಮ ಬೆಟ್ಟದ ಲೆಕ್ಕದಲ್ಲಿ ಅರ್ಧ ಲಕ್ಷ.
'ನಡುವೆ ಎಷ್ಟು ಕಡೆ ಇಳಿಸ್ಬೋದು?'

ಮಾತು ಬದಲಿಸಲು ಮೃತ ಸಮುದ್ರದ ಕತೆ ತೆಗೆದೆ.
ನೆಲದ ಮೇಲಿನ ಅತಿ ತಗ್ಗು ಅದರ ದಡ,
ಅಲ್ಲಿ ಯಾರೂ ಮುಳುಗುವುದಿಲ್ಲವಂತೆ, ಬರೀ ತೇಲುವುದು.
'ಭಾರ ಹೊತ್ತಿದ್ರೂ?'
ಅದು ಪುಸ್ತಕದಲ್ಲಿರಲಿಲ್ಲ.

ಈಗಲೂ ಯಾರಾದರೂ ಎತ್ತರ ಅಂದರೆ
ನನಗೆ ಮೊದಲು ಕಾಣುವುದು ಬುಡ.
ಹನ್ನೊಂದು ಕಿಲೋಮೀಟರು ಕೆಳಗೆ, ಬೆಳಕು ಬರದ ಕಡೆ,
ಮೊದಲ ಮೆಟ್ಟಿಲ ಮೇಲೆ ಅಪ್ಪ ಕೂತಿದ್ದಾನೆ.
ಮೊಣಕಾಲಿಗೆ ಒರಗಿಸಿದ ಬೊಂಬು, ಸುರುಳಿ ಸುತ್ತಿದ ಟವೆಲ್ಲು.
ಕಣ್ಣಿಲ್ಲದ ಮೀನೊಂದು ಹಾದುಹೋದರೆ ಕೇಳುತ್ತಾನೆ:
'ಡೋಲಿ ಬೇಕಾ ಸ್ವಾಮಿ?'
ಡೋಲಿಗೆ ನಾಲ್ಕು ಹೆಗಲು ಬೇಕು.
ಇನ್ನು ಮೂವರು ಬಂದಿಲ್ಲ.