ಧ್ವನಿ ಪರೀಕ್ಷೆ

ನೇರ ಪ್ರಸಾರಕ್ಕೆ ಎರಡು ನಿಮಿಷ ಇರುವಾಗ
ಕಾಲರಿನ ಮೈಕು ಸರಿಮಾಡುತ್ತ ನಾನು ಕೇಳುತ್ತಿದ್ದದ್ದು ಒಂದೇ:
ಬೆಳಗ್ಗೆ ಎಂತ ತಿಂದ್ರಿ?
ಸೌಂಡಿನವರೆಲ್ಲ ಕೇಳುವುದು ಇದನ್ನೇ.
ಉತ್ತರ ಯಾರಿಗೂ ಬೇಡ, ಮುಳ್ಳು ಆಡಿದರೆ ಸಾಕು.

ನುಹಾದ್ ಸರ್ಕಿಸ್ ಮಾತ್ರ
ಪ್ರತಿ ಸಲವೂ ನಿಜ ಹೇಳಿದಳು.

ಹಾಗಾಗಿ ಅವಳ ಇಪ್ಪತ್ತೊಂಬತ್ತು ವರ್ಷ
ಲೋಕಕ್ಕೆ ಗೊತ್ತಿರುವುದು ಒಂದು ಥರ,
ನನಗೆ ಇನ್ನೊಂದು ಥರ.

ಎಣ್ಣೆಬಾವಿಗಳು ಹೊತ್ತಿ ಉರಿದ ವರ್ಷ, ಕುವೈತಿನಲ್ಲಿ,
ಹಗಲು ಹನ್ನೊಂದಕ್ಕೆ ಜೀಪಿನ ದೀಪ ಹಚ್ಚಿಕೊಂಡು:
‘ಡಬ್ಬಿಯ ಪೀಚ್ ಹಣ್ಣು. ಚಮಚದ ಮೇಲೂ ಮಸಿ.’
ಬಸ್ರಾದ ಹೋಟೆಲಿನ ತಾರಸಿಯಲ್ಲಿ:
‘ನಿನ್ನೆಯ ರೊಟ್ಟಿ, ಇವತ್ತಿನ ಟೀ.’
ಯಾವನೋ ಮಂತ್ರಿಯ ಬಂಗಲೆಯ ಅಂಗಳದಲ್ಲಿ, ಪಿಸುದನಿಯಲ್ಲಿ:
‘ಹದಿನಾಲ್ಕು ಬಗೆ ಇಟ್ಟಿದ್ದರು. ನೀರು ಕುಡಿದೆ.
ಉಪ್ಪಿನ ಋಣ ಬೇಡ ನೋಡು, ಮಾಡೋ.’
ಮಾಧವ ಖಾರ್ವಿ ಎಂಬ ನನ್ನ ಹೆಸರಿನಲ್ಲಿ
ಅವಳ ನಾಲಿಗೆಗೆ ಸಿಕ್ಕಿದ್ದು ಅಷ್ಟೇ.

ಅಷ್ಟು ಹೇಳಿ ಗಂಟಲು ಕೆರೆದು
ಕಿವಿಯೊಳಗಿನ ಗುಂಡಿಯಲ್ಲಿ ದೂರದ ಯಾರೋ
ಮೂರು, ಎರಡು, ಒಂದು ಎಂದಾಗ
ಬೇರೆ ಹೆಂಗಸಾಗುತ್ತಿದ್ದಳು.
ಆ ಹೆಂಗಸನ್ನು ನೀವು ನೋಡಿರುತ್ತೀರಿ.

ಒಂದು ಬೆಳಗ್ಗೆ, ಊರಿನ ಹೆಸರು ಬೇಡ,
ಎಂತ ತಿಂದ್ರಿ ಎಂದೆ. ಕೇಳಬಾರದಿತ್ತು. ಅಭ್ಯಾಸ.
‘ಫೌಜಿ ತಟ್ಟೆಯಲ್ಲಿ ಬಿಟ್ಟು ಹೋದ ಅರ್ಧ ಮೊಟ್ಟೆ.’
ಕ್ಯಾಮೆರಾದ ಹಿಂದೆ ಆವತ್ತು ಫೌಜಿ ಇರಲಿಲ್ಲ.
ಏಜೆನ್ಸಿಯ ಹುಡುಗ; ಅವನ ಹೆಸರೂ ಕೇಳಿರಲಿಲ್ಲ ನಾವು.
ಮೂರು ನಿಮಿಷ ಹತ್ತು ಸೆಕೆಂಡ್ ಮಾತಾಡಿದಳು.
ಎಂಥ ಗಟ್ಟಿಗಿತ್ತಿ ಎಂದರು ಆಮೇಲೆ, ಕರೆದು ಪದಕ ಕೊಟ್ಟರು.
ಮುಳ್ಳನ್ನು ನೋಡಿದವನು ನಾನೊಬ್ಬ:
‘ನಿನ್ನೆ ಸಂಜೆ’ ಎಂಬಲ್ಲಿ ಅದು ಮಲಗಿತು.
ಬೆರಳಲ್ಲಿ ಮೆಲ್ಲಗೆ ಎತ್ತಿಕೊಂಡೆ.
ಅದು ಸುಳ್ಳೋ ಉಪಕಾರವೋ ಈಗಲೂ ಬಗೆಹರಿದಿಲ್ಲ.

ಈಗ ಮುಹರ್ರಕ್‌ನಲ್ಲಿದ್ದಾಳೆ, ಹಳೆಯ ಸೂಕಿನ ಹಿಂದೆ,
ಹವಳಗಲ್ಲಿನ ಗೋಡೆಯ ಬಾಡಿಗೆ ಮನೆ.
ಬೇರುತ್‌ಗೆ ಯಾಕೆ ಹೋಗಲಿಲ್ಲ ಎಂದರೆ
ಅಲ್ಲಿ ಎಲ್ಲರಿಗೂ ನನ್ನ ಅಭಿಪ್ರಾಯ ಬೇಕು ಎನ್ನುತ್ತಾಳೆ.
ಎಡಗಿವಿ ಹೋಗಿದೆ. ಏನು ಕೇಳಿದರೂ
ಎರಡು ಸೆಕೆಂಡ್ ಬಿಟ್ಟು ಉತ್ತರ,
ಪ್ರಶ್ನೆ ಇನ್ನೂ ಉಪಗ್ರಹ ಮುಟ್ಟಿಯೇ ಬರಬೇಕೆಂಬ ಹಾಗೆ.
ಅಷ್ಟರಲ್ಲಿ ಸೊಪ್ಪಿನವನು, ಬೇಡವೇನೋ ಎಂದು,
ಗಾಡಿ ಮುಂದೆ ತಳ್ಳಿರುತ್ತಾನೆ.

ಶುಕ್ರವಾರ ಗುದೈಬಿಯಾದ ಕೋಣೆಯಿಂದ
ಬಸ್ಸು ಹಿಡಿದು, ಸೇತುವೆ ದಾಟಿ ಹೋಗುತ್ತೇನೆ.
ಬಿಸಿ ರೊಟ್ಟಿಗೆ ಮೆಹ್ಯಾವಾ ಸವರಿ ಕೊಡುತ್ತಾಳೆ;
ಕೊಳೆಸಿದ ಮೀನಿನ ಆ ಘಾಟಿಗೆ
ಗಂಗೊಳ್ಳಿ ಬಂದರಿನ ಒಣಮೀನಿನ ಚಾಪೆಗಳು
ಮೂಗಿನೊಳಗೇ ಬಿಚ್ಚಿಕೊಳ್ಳುತ್ತವೆ.
ಸಿಹಿ ಶಾವಿಗೆಗೆ ಆಮ್ಲೆಟ್ಟು ಹೊದಿಸುವ ಇಲ್ಲಿನ ಪದ್ಧತಿ
ಇಬ್ಬರಿಗೂ ಒಗ್ಗಿಲ್ಲ. ತಿನ್ನುತ್ತೇವೆ.

ಹೋದ ತಿಂಗಳು ಚಾನೆಲ್ಲಿನ ಹುಡುಗರು ಬಂದಿದ್ದರು,
ಅವಳ ಬದುಕನ್ನು ನಲವತ್ತು ನಿಮಿಷಕ್ಕೆ ಕತ್ತರಿಸಲು.
ಹಠ ಮಾಡಿ ಮೈಕು ನಾನೇ ಸಿಕ್ಕಿಸಿದೆ.
ಬಾಯಿ ತೆರೆಯುವ ಮೊದಲೇ ಅವಳು,
ಇಷ್ಟು ವರ್ಷದಲ್ಲಿ ಕಲಿತ ಒಂದೇ ಒಂದು ಕನ್ನಡದಲ್ಲಿ,
‘ಎಂತ ತಿಂದ್ರಿ, ಮಾಡೋ?’

ನನ್ನನ್ನು ಯಾರೂ ಕೇಳಿರಲಿಲ್ಲ.
ಎರಡು ಸೆಕೆಂಡ್ ನಾನೂ ಸುಮ್ಮನಾದೆ.
ಆ ಊರಿನ ಆ ಬೆಳಗ್ಗೆ ನಾನು ಹೊಟ್ಟೆ ತುಂಬ ತಿಂದಿದ್ದೆ,
ಹಸಿವಾಗಿತ್ತು, ನಾಚಿಕೆ ಆಮೇಲೆ ಬಂತು.
ಹೇಳಿದೆ. ಹುಡುಗರಿಗೆ ತಿಳಿಯಲಿಲ್ಲ,
ಲೆವೆಲ್ ಸರಿಯಿದೆ ಎಂದರು.

ಕೊನೆಗೆ ಕೋಣೆಯ ಬರೀ ಮೌನ ಹಿಡಿಯಬೇಕು, ಅರ್ಧ ನಿಮಿಷ;
ಸಂಕಲನಕ್ಕೆ ಬೇಕಾಗುತ್ತದೆ.
ಫ್ರಿಜ್ ಗುಂಯ್‌ಗುಡುತ್ತಿದೆ, ಆರಿಸಲೇ? ಎಂದ ಒಬ್ಬ.
ನುಹಾದ್ ಕಾದಳು, ಕಾದಳು,
‘ಬೇಡ,’ ಎಂದಳು, ‘ಮೊಟ್ಟೆ ಇದೆ ಒಳಗೆ.’