ಪಿಸುಮಾತಿನ ಗೂಡು

ಫೆರಾರಾದ ಈ ರಂಗಮಂದಿರದಲ್ಲಿ ನನಗೊಂದು ಗೂಡಿದೆ:
ಎದೆಮಟ್ಟ ನೆಲದೊಳಗೆ, ನೆತ್ತಿಯ ಮೇಲೆ ತಗಡಿನ ಚಿಪ್ಪು.
ಪ್ರೇಕ್ಷಕರಿಗೆ ನನ್ನ ಬೆನ್ನೂ ಕಾಣದು.
ನನಗೆ ಕಾಣುವುದು ಬೂಟು, ಲಂಗದ ಅಂಚು,
ಉಗುಳು ಸಿಡಿಸುವ ಬಾಯಿ.
ಹಾಡುವವರು ಮರೆಯುವುದಕ್ಕೆ ಅರೆಗಳಿಗೆ ಮುಂಚೆ
ಮುಂದಿನ ಮಾತು ಉಸುರುವುದು ನನ್ನ ಕಸುಬು.
ಇಪ್ಪತ್ತಾರು ವರ್ಷ.
ಎಷ್ಟು ಜನ ಸತ್ತರೋ ನನ್ನ ಮುಂದೆ,
ಎಲ್ಲರ ಕೊನೆಯ ಮಾತೂ ಮೊದಲು ನನ್ನದು.

ಈ ಚಳಿಗಾಲದ ಹೊಸ ಒಪೆರಾ. ಕತೆ ಇಷ್ಟು:
ಕೊಮಾಕ್ಕಿಯೊದ ಉಪ್ಪುನೀರು, ನವೆಂಬರಿನ ಕಾರಿರುಳು,
ಬಿರುಗಾಳಿಗೆ ಹಾವುಮೀನು ಕಡಲಿಗೆ ಹೊರಡುವ ಹೊತ್ತು.
ಕಾವಲುಗಾರನ ಮಗಳು ಇಸೌರಾ,
ಒಲಿದದ್ದು ಕದ್ದು ಮೀನು ತಿವಿಯುವವನಿಗೆ.
ಕಿಟಕಿಯಲ್ಲಿ ದೀಪವಿದ್ದರೆ ಬಾ;
ಇಲ್ಲದಿದ್ದರೆ ಅಪ್ಪ ಬಂದೂಕು ಹಿಡಿದು ಹೊರಟಿದ್ದಾನೆ,
ದೋಣಿ ತಿರುಗಿಸು.
ಎರಡನೆಯ ಅಂಕಕ್ಕೆ ಒಬ್ಬಳು ಸವತಿ, ಒಂದು ಸುಳ್ಳು ಪತ್ರ.
ಹೊಟ್ಟೆಕಿಚ್ಚಿನಲ್ಲಿ ಇಸೌರಾ ದೀಪ ಆರಿಸುವುದಿಲ್ಲ.
ಗುಂಡು. ಪಿಟೀಲುಗಳು.
ಅವನು ಹನ್ನೆರಡು ನಿಮಿಷ ಹಾಡಿ ಸಾಯುತ್ತಾನೆ,
ಅವಳು ಅವನ ಈಟಿಗೇ ಎದೆಯೊಡ್ಡುತ್ತಾಳೆ.
ಪರದೆ. ಗ್ಯಾಲರಿಯಲ್ಲಿ ಮೂಗು ಸೀನುವ ಸದ್ದು.

ಸ್ವರಕಾರ ಬಾಲ್ದ್ರೀಗಿಗೆ ಇದು ಸಿಕ್ಕಿದ್ದು ಕ್ಷೌರದಂಗಡಿಯಲ್ಲಿ,
ಕತ್ತಿ ಒರೆಸಲು ಇಟ್ಟ ಹಳೆಯ ಪತ್ರಿಕೆಯ ಎಂಟು ಸಾಲು:
ಮೀನುಗಳ್ಳನೊಬ್ಬ ಹತ;
ಕಾವಲುಗಾರನ ಕಿಟಕಿಯಲ್ಲಿ ದೀಪವಿತ್ತೆಂದು ನೆರೆಯವರು.
ಒಂಬತ್ತನೆಯ ಸಾಲು ನೊರೆಯಲ್ಲಿ ಅಳಿಸಿತ್ತಂತೆ.
ಅಲ್ಲಿಂದ ಮುಂದೆ ಮೂರು ಗಂಟೆ ಸಂಗೀತ.

ಮೂರನೆಯ ರಾತ್ರಿ, ಹಿಂಬಾಗಿಲಲ್ಲಿ, ಕೆಸರಾದ ಹಿಮದಲ್ಲಿ
ಒಬ್ಬಳು ಮುದುಕಿ ನಿಂತಿದ್ದಳು.
ಶಾಲಿನಿಂದ ಹೊಗೆ, ವಿನಿಗರ್ ವಾಸನೆ.
'ಎಲ್ಲರಿಗೂ ಮಾತು ಹೇಳಿಕೊಡುವವನು ನೀನೇ ಏನು?'
ಹೌದೆಂದೆ.
'ಹಾಗಾದರೆ ಸರಿಯಾಗಿ ಹೇಳಿಕೊಡು.

ನಾನು ಆರ್ಜಿಯಾ. ಆ ಕಿಟಕಿ ನಮ್ಮದು.
ನೆವಿಯೊ ಹಾಡುತ್ತಿರಲಿಲ್ಲ. ತೊದಲುತ್ತಿದ್ದ,
ನನ್ನ ಹೆಸರು ಮುಗಿಸಲು ಅವನಿಗೆ ಮೂರು ಉಸಿರು ಬೇಕು.
ಸವತಿ ಯಾರಪ್ಪ? ಪತ್ರ ಎಲ್ಲಿಯದು?
ನಮ್ಮ ಓಣಿಯಲ್ಲಿ ಓದು ಬಲ್ಲವನು ಪಾದ್ರಿ ಒಬ್ಬನೇ.
ಅವತ್ತು ಬೆಳಗಿನ ಜಾವದಿಂದ ಒಲೆಯ ಮುಂದೆ
ಹಾವುಮೀನು ತುಂಡರಿಸಿ ಸರಳಿಗೆ ಪೋಣಿಸಿದ್ದೆ,
ಬೆರಳು ಬಾತು ಮಡಚಲು ಬರುತ್ತಿರಲಿಲ್ಲ.
ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತೇನೆ ಅಂದಿದ್ದೆ ಅವನಿಗೆ.
ಗೋಡೆಗೆ ಒರಗಿದೆ.
ದೀಪ ಹತ್ತಿತ್ತು.
ನಿದ್ದೆ ಹತ್ತಿತು.
ಇಷ್ಟೇ ಕತೆ. ಗುಂಡಿನ ಸದ್ದಿಗೂ ಎಚ್ಚರವಾಗಲಿಲ್ಲ ನನಗೆ.
ಬೆಳಿಗ್ಗೆ ಅಪ್ಪ ಬಾವಿಕಟ್ಟೆಯಲ್ಲಿ ಬೂಟು ತೊಳೆಯುತ್ತಿದ್ದ,
ನನ್ನ ಕಡೆ ನೋಡಲಿಲ್ಲ.'

ನೀನು ಸಾಯಲಿಲ್ಲವೇ, ಎಂದು ಕೇಳಿಬಿಟ್ಟೆ,
ನಲವತ್ತು ವರ್ಷ ಬದುಕಿದವಳ ಮುಖಕ್ಕೇ.
ಅವಳಿಗೆ ಕೋಪ ಬರಲಿಲ್ಲ.
ಲೆಕ್ಕ ನೆನಪು ಮಾಡಿಕೊಳ್ಳುವಂತೆ ಹಣೆ ಸುಕ್ಕಿಸಿ,
'ಮರುದಿನ ಇನ್ನೂರು ಬುಟ್ಟಿ ಬಂದಿತ್ತಲ್ಲ,' ಎಂದಳು.
ಹಾಲಿನ ಗಾಡಿ ಹೊರಡುವುದಿತ್ತು. ಹೋದಳು.

ನಾಲ್ಕನೆಯ ರಾತ್ರಿ. ಮೂರನೆಯ ಅಂಕ.
ರಟ್ಟಿನ ಕಿಟಕಿಯಲ್ಲಿ ದೀಪ.
ನಾಯಕಿ ಕ್ಲೊರಿಂದಾ ಬಾಯಿ ತೆರೆದು ನನ್ನತ್ತ ನೋಡಿದಳು:
ದೀಪವನ್ನು ಉಳಿಸಿದ್ದು ಏನು?
'ದ್ವೇಷ' ಎಂದಿತ್ತು ಪುಸ್ತಕದಲ್ಲಿ.
ನಾನು 'ನಿದ್ದೆ' ಎಂದು ಉಸುರಿದೆ.
ಅದಕ್ಕೂ ಎರಡು ಸ್ವರ, ಇದಕ್ಕೂ ಎರಡೇ.
ಇಪ್ಪತ್ತು ವರ್ಷ ನನ್ನನ್ನು ನಂಬಿದವಳು
ಕಣ್ಣು ಮಿಟುಕಿಸದೆ ಅದನ್ನೇ ಹಾಡಿದಳು,
ಛಾವಣಿ ಮುಟ್ಟುವಂತೆ.
ವಾದ್ಯನಾಯಕನ ಕೋಲು ಅರೆತಾಳ ತಡವರಿಸಿತು.
ಗ್ಯಾಲರಿ ಎಂದಿನಂತೆಯೇ ಅತ್ತಿತು.

ಐದು ಲೀರಾ ದಂಡ ಕಟ್ಟಿದ್ದೇನೆ.
ರಸೀದಿ ಜೇಬಿನಲ್ಲಿದೆ.
ವ್ಯವಸ್ಥಾಪಕರ ದುಂಡು ಅಕ್ಷರದಲ್ಲಿ
ಕಾರಣ ಎಂಬಲ್ಲಿ ಬರೆದಿದೆ:
ಕೆಲಸದ ಹೊತ್ತಿನಲ್ಲಿ ತೂಕಡಿಕೆ.